ಒಂದೇ ಪುಟ, ಇಪ್ಪತ್ನಾಲ್ಕು ಯಂತ್ರ: ಲಿನಕ್ಸ್ ಕರ್ನಲ್ಲಿನಲ್ಲಿ ಮೆಮರಿ ಹಂಚಿಕೆಯ ನಿಯಂತ್ರಣಗಳು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಲೆಕ್ಕಗಳನ್ನು ಮತ್ತೊಮ್ಮೆ ನೋಡಿ ಸರಿಪಡಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಸಂಗ್ರಹಿಸಿ ಕೊಟ್ಟಿದ್ದೇನೆ.)

ನನ್ನ ಧ್ವನಿ ಸರಿಯಾಗಿ ಕೇಳಿಸ್ತದ ಅಂದ್ಕೊಂಡು ಶುರು ಮಾಡ್ತೀನಿ. ನಾನು ಅಕ್ಕಲಕೋಟ ತಾಲೂಕಿನ ಚಪಳಗಾಂವದವನು. ನಮ್ಮದು ಸೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರ. ಕಚೇರಿಯ ಕಾಗದ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಹೊಟ್ಟೆಪಾಡಿಗೆ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡ್ತೀನಿ.

ಇವತ್ತಿನ ವಿಷಯ ಕೆಎಸ್ಎಂ, ಅಂದರೆ ಕರ್ನಲ್ ಸೇಮ್‌ಪೇಜ್ ಮರ್ಜಿಂಗ್. ಮೆಮರಿಯಲ್ಲಿ ಒಂದೇ ರೀತಿ ಇರುವ ಪುಟಗಳನ್ನು ಹುಡುಕಿ, ಹಲವು ನಕಲುಗಳ ಬದಲು ಒಂದನ್ನೇ ಇಟ್ಟುಕೊಳ್ಳುವ ವ್ಯವಸ್ಥೆ ಇದು. 2009ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6.32ರಿಂದ ಕರ್ನಲ್ಲಿನಲ್ಲೇ ಇದೆ. ಇದು ಹೇಗೆ ಕೆಲಸ ಮಾಡ್ತದ ಅನ್ನುವುದಕ್ಕಿಂತ, ಇದರ ಗುಂಡಿಗಳನ್ನು ಯಾರು, ಯಾವಾಗ, ಏನು ತಿಳ್ಕೊಂಡು ಒತ್ತಬೇಕು ಅನ್ನುವುದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಯಾಕಂದ್ರೆ ಒಂದು ಸಲ ನಾನು ತಿಳಿಯದೆ ಒತ್ತಿದ್ದೆ.

1. ಭಾಂಡೆಯ ಲೆಕ್ಕ

ನಮ್ಮ ಕಡೆ ಮದುವೆ ಅಂದ್ರೆ ದೊಡ್ಡ ಭಾಂಡೆ ಬೇಕು. ನೂರಾರು ಜನರ ಅಡುಗೆ ಆಗುವಂಥ ಪಾತ್ರೆಗಳನ್ನು ಪ್ರತಿ ಮನೆಯವರೂ ಕೊಂಡಿಡುವುದಿಲ್ಲ. ಊರಿನ ಮಠದಲ್ಲೋ ಗುಡಿಯಲ್ಲೋ ಒಂದು ಸೆಟ್ ಇರ್ತದ, ಬೇಕಾದವರು ಒಯ್ದು, ತೊಳೆದು, ಮರಳಿ ಕೊಡ್ತಾರ. ಊರಿಗೆಲ್ಲ ಉಳಿತಾಯ.

ಈ ವ್ಯವಸ್ಥೆಯಲ್ಲಿ ಎರಡು ಸಂಗತಿ ಅಡಗಿವೆ. ಮೊದಲನೆಯದು: ಒಂದೇ ಮುಹೂರ್ತಕ್ಕೆ ನಾಲ್ಕು ಲಗ್ನ ಬಂದರೆ ಉಳಿತಾಯದ ಮಾತು ಅಲ್ಲಿಗೇ ಮುಗೀತು. ಎರಡನೆಯದು: ನೀವು ಕೇಳಲು ಹೋದಾಗ ಭಾಂಡೆ ಇಲ್ಲ ಅಂದ್ರೆ, ಊರಲ್ಲಿ ಬೇರೆ ಯಾರ ಮನೆಯಲ್ಲೋ ಕಾರ್ಯ ಇದೆ ಅಂತ ನಿಮಗೆ ಗೊತ್ತಾಯ್ತು. ಆ ಮನೆಯವರು ನಿಮಗೆ ಹೇಳಿರಲಿಲ್ಲ, ಖಾಲಿ ಕೋಣೆಯೇ ಹೇಳಿತು.

ಕೆಎಸ್ಎಂನ ಎಲ್ಲ ಲಾಭ, ಎಲ್ಲ ತೊಂದರೆ ಈ ಎರಡು ಮಾತಿನಲ್ಲೇ ಇವೆ. ಉಳಿದದ್ದೆಲ್ಲ ವಿವರ.

2. ಕರ್ನಲ್ ಹುಡುಕುವ ರೀತಿ

ಕರ್ನಲ್ ಮೆಮರಿಯನ್ನು ಪುಟಗಳಾಗಿ ನೋಡ್ತದ. ಸಾಮಾನ್ಯವಾಗಿ ಒಂದು ಪುಟ 4096 ಬೈಟು. ಕೆಎಸ್ಎಂಡಿ ಅನ್ನುವ ಕರ್ನಲ್ಲಿನ ಒಂದು ಎಳೆ ನಿಧಾನವಾಗಿ ಪುಟದಿಂದ ಪುಟಕ್ಕೆ ಓಡಾಡ್ತಿರ್ತದ. ಪುಟವೊಂದರ ಚೆಕ್‌ಸಮ್ ತೆಗೆದು ಇಟ್ಟುಕೊಳ್ತದ. ಮುಂದಿನ ಸುತ್ತಿನಲ್ಲಿ ಚೆಕ್‌ಸಮ್ ಬದಲಾಗಿದ್ದರೆ, ಇದು ಚಂಚಲ ಪುಟ ಅಂತ ಬಿಟ್ಟು ಮುಂದೆ ಹೋಗ್ತದ. ಬದಲಾಗಿರದಿದ್ದರೆ ಮಾತ್ರ ಜೋಡಿ ಹುಡುಕುತ್ತದೆ.

ಹುಡುಕಲಿಕ್ಕೆ ಅದರ ಹತ್ತಿರ ಎರಡು ಮರಗಳಿವೆ. ಸ್ಥಿರ ಮರದಲ್ಲಿ ಈಗಾಗಲೇ ಒಂದಾದ ಪುಟಗಳು. ಅವನ್ನು ಯಾರೂ ತಿದ್ದದಂತೆ ಬೀಗ ಹಾಕಿರ್ತಾರ. ಅಸ್ಥಿರ ಮರದಲ್ಲಿ ಜೋಡಿಗೆ ಕಾಯುತ್ತಿರುವ ಪುಟಗಳು. ಪ್ರತಿ ಸುತ್ತಿನ ಕೊನೆಗೆ ಅದನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆ. ಒಂದು ಮುಖ್ಯ ಮಾತು: ಎರಡು ಪುಟ ಒಂದೇ ಹೌದೋ ಅಲ್ಲೋ ಅನ್ನುವ ಕೊನೆಯ ತೀರ್ಮಾನ ಚೆಕ್‌ಸಮ್‌ನದಲ್ಲ. 4096 ಬೈಟುಗಳನ್ನೂ ಹೋಲಿಸಿ ನೋಡಿಯೇ ಒಂದು ಮಾಡ್ತದ. ಹಾಗಾಗಿ ಬೇರೆ ಬೇರೆ ಪುಟಗಳು ತಪ್ಪಿ ಒಂದಾಗುವ ಭಯ ಇಲ್ಲ.

ಒಂದಾದ ಮೇಲೆ ಯಾರಾದರೂ ತಿದ್ದಲು ಹೋದರೆ? ಶಾಲೆಯ ಪಠ್ಯಪುಸ್ತಕ ನೆನೆಸಿಕೊಳ್ಳಿ. ಓದಲಿಕ್ಕೆ ಇಬ್ಬರ ನಡುವೆ ಒಂದು ಪುಸ್ತಕ ಸಾಕು. ಒಬ್ಬ ಪೆನ್ಸಿಲ್ ಹಿಡಿದು ಉತ್ತರ ಬರೀತೀನಿ ಅಂದ್ರೆ, ಆ ಕ್ಷಣದಲ್ಲಿ ಅವನಿಗೆ ಬೇರೆ ಪ್ರತಿ ಮಾಡಿಕೊಡಬೇಕು. ಇದಕ್ಕೆ ಕಾಪಿ-ಆನ್-ರೈಟ್ ಅಂತಾರೆ. ಪ್ರತಿ ಮಾಡಲಿಕ್ಕೆ ಒಂದಿಷ್ಟು ಹೊತ್ತು ಬೇಕು, ಒಂದು ಖಾಲಿ ಪುಟವೂ ಬೇಕು. ಈ 'ಒಂದಿಷ್ಟು ಹೊತ್ತು' ಮತ್ತು 'ಒಂದು ಖಾಲಿ ಪುಟ' ಎರಡನ್ನೂ ಗಮನದಲ್ಲಿಡ್ರಿ. ಮುಂದೆ ಬರ್ತಾವ.

ಕನ್ನಡದವರಿಗಾಗಿ ಒಂದು ಉದಾಹರಣೆ ಕೊಡ್ತೀನಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. 'ಚಪಳಗಾಂವ' ಅನ್ನುವುದರಲ್ಲಿ 7 ಸಂಕೇತ, ಅಂದರೆ 21 ಬೈಟು. ಒಂದು ಪುಟದಲ್ಲಿ 1365 ಸಂಕೇತ ಹಿಡಿದು ಒಂದು ಬೈಟು ಉಳೀತದ. ಈಗ ಇಬ್ಬರು ಒಂದೇ ಪಾಠವನ್ನು ತೆರೆದಿದ್ದಾರೆ ಅನ್ನಿ. ಒಬ್ಬರ ಕಡತದ ಮೊದಲಲ್ಲಿ ಒಂದು ಖಾಲಿ ಜಾಗ ಹೆಚ್ಚಿಗೆ ಬಿದ್ದರೆ, ಮುಂದಿನದೆಲ್ಲ ಒಂದು ಬೈಟು ಸರಿದು, ಯಾವ ಪುಟವೂ ಇನ್ನೊಂದಕ್ಕೆ ಹೊಂದುವುದಿಲ್ಲ. ಇನ್ನೂ ಸೂಕ್ಷ್ಮ: 'ಕೊ' ಅನ್ನುವುದನ್ನು ಒತ್ವದ ಒಂದೇ ಸಂಕೇತ ಬಳಸಿ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಯುನಿಕೋಡ್ ಪ್ರಕಾರ ಎರಡೂ ಸಮಾನ, ಕಣ್ಣಿಗೂ ಒಂದೇ. ಕೆಎಸ್ಎಂಗೆ ಮಾತ್ರ ಬೇರೆ ಬೇರೆ. ಅದು ಅರ್ಥ ನೋಡುವುದಿಲ್ಲ, ಬೈಟು ನೋಡ್ತದ. ಅದಕ್ಕೇ ನಾವು ಬರೆದ ದಾಖಲೆಗಳಿಂದ ದೊಡ್ಡ ಉಳಿತಾಯ ಸಿಗುವುದು ಅಪರೂಪ. ಒಂದೇ ಅಚ್ಚಿನಿಂದ ಎಬ್ಬಿಸಿದ ಹಲವು ವರ್ಚುವಲ್ ಯಂತ್ರಗಳಲ್ಲಿ ಕಾರ್ಯವ್ಯವಸ್ಥೆಯ ಭಾಗಗಳು, ಸೊನ್ನೆ ತುಂಬಿದ ಪುಟಗಳು ಒಂದೇ ಇರ್ತಾವ. ಲಾಭ ಅಲ್ಲಿ. ಲಿನಕ್ಸ್‌ಗೆ ಕೆಎಸ್ಎಂ ಬಂದಾಗ ಪ್ರಚಾರಕ್ಕೆ ಬಂದ ಲೆಕ್ಕವೂ ಅಂಥದೇ: 16 ಗಿಗಾಬೈಟಿನ ಸರ್ವರ್ ಮೇಲೆ ತಲಾ 1 ಗಿಗಾಬೈಟಿನ 52 ವಿಂಡೋಸ್ ಎಕ್ಸ್‌ಪಿ ಯಂತ್ರಗಳು.

3. ಗುಂಡಿಗಳು ಯಾವುವು

ಈ ನಿಯಂತ್ರಣಗಳೆಲ್ಲ ಸಿಸ್ ಕಡತವ್ಯವಸ್ಥೆಯೊಳಗೆ ಕೆಎಸ್ಎಂ ಹೆಸರಿನ ಫೋಲ್ಡರಿನಲ್ಲಿ ಸಣ್ಣ ಸಣ್ಣ ಕಡತಗಳಾಗಿವೆ. ಅವುಗಳನ್ನು ನಾಲ್ಕು ಗುಂಪು ಮಾಡಿ ಹೇಳ್ತೀನಿ.

ಒಂದು, ಒಪ್ಪಿಗೆ. ಕೆಎಸ್ಎಂ ಕಂಡಕಂಡ ಪುಟವನ್ನು ಮುಟ್ಟುವುದಿಲ್ಲ. ಪ್ರಕ್ರಿಯೆಯೊಂದು ಮ್ಯಾಡ್ವೈಸ್ ಅನ್ನುವ ಕರೆಯ ಮೂಲಕ 'ನನ್ನ ಈ ಜಾಗವನ್ನು ಒಂದುಗೂಡಿಸಬಹುದು' ಅಂತ ಹೇಳಿದರೆ ಮಾತ್ರ ನೋಡ್ತದ. ಹೀಗೆ ಹೇಳಬಹುದಾದದ್ದು ಅನಾಮಿಕ ಪುಟಗಳಿಗೆ ಮಾತ್ರ, ಡಿಸ್ಕಿನ ಕಡತಕ್ಕೆ ಜೋಡಿಸಿದ ಪುಟಗಳಿಗಲ್ಲ. 2023ರ ಲಿನಕ್ಸ್ 6.4ರಿಂದ ಪಿಆರ್‌ಸಿಟಿಎಲ್ ಕರೆಯ ಮೂಲಕ ಇಡೀ ಪ್ರಕ್ರಿಯೆಗೆ ಒಂದೇ ಸಲ ಒಪ್ಪಿಗೆ ಕೊಡಲಿಕ್ಕೂ ಬರ್ತದ. ಇಲ್ಲೊಂದು ಸೂಕ್ಷ್ಮ ಇದೆ. ವರ್ಚುವಲ್ ಯಂತ್ರದ ಪರವಾಗಿ ಒಪ್ಪಿಗೆ ಕೊಡುವುದು ಹೊರಗಿನ ಕ್ಯೂಇಎಂಯು. ಅದು ತಾನಾಗಿಯೇ ಕೊಡ್ತದ. ಒಳಗೆ ಕೂತು ಕೆಲಸ ಮಾಡುವವರಿಗೆ ತಮ್ಮ ಪರವಾಗಿ ಯಾರೋ ಹೂಂ ಅಂದದ್ದು ಗೊತ್ತೇ ಇರೋದಿಲ್ಲ.

ಎರಡು, ವೇಗ. ಒಂದು ಸಲಕ್ಕೆ ಎಷ್ಟು ಪುಟ ನೋಡಬೇಕು, ನಡುವೆ ಎಷ್ಟು ಮಿಲಿಸೆಕೆಂಡು ಮಲಗಬೇಕು ಅನ್ನುವ ಎರಡು ಸಂಖ್ಯೆ. ಮೊದಲಿನಿಂದ ಇರುವ ಬೆಲೆ 100 ಪುಟ, 20 ಮಿಲಿಸೆಕೆಂಡು. ಲೆಕ್ಕ ಹಾಕಿ: ಸೆಕೆಂಡಿಗೆ ಹೆಚ್ಚೆಂದರೆ 5000 ಪುಟ, ಅಂದರೆ ಸುಮಾರು 20 ಮೆಗಾಬೈಟು. 48 ಗಿಗಾಬೈಟು ಒಂದು ಸುತ್ತು ಮುಗಿಯಲಿಕ್ಕೆ 40 ನಿಮಿಷದ ಮೇಲೆ ಬೇಕು. ಹೊಸ ಪುಟ ಒಂದಾಗಬೇಕಾದರೆ ಎರಡು ಸುತ್ತಾದರೂ ಕಾಯಬೇಕು. ಅಲ್ಲಿಗೆ ಹತ್ತಿರ ಹತ್ತಿರ ಒಂದೂವರೆ ತಾಸು. ವೇಗ ಹೆಚ್ಚಿಸಿದರೆ ಪ್ರೊಸೆಸರ್ ತಿನ್ನುತ್ತದೆ. 6.8ರಲ್ಲಿ ಬಂದ ಸಲಹೆಗಾರ ವ್ಯವಸ್ಥೆ ಇವುಗಳಲ್ಲಿ ಪುಟಗಳ ಸಂಖ್ಯೆಯನ್ನು ಸಂದರ್ಭ ನೋಡಿ ತಾನೇ ಬದಲಿಸಬಲ್ಲದು.

ಮೂರು, ಮಿತಿ. ಒಂದು ಪ್ರತಿಯನ್ನು ಎಷ್ಟು ಜನ ಹಂಚಿಕೊಳ್ಳಬಹುದು ಅನ್ನುವುದಕ್ಕೆ ಗರಿಷ್ಠ 256 ಅಂತ ಇದೆ. ಒಂದು ಪುಟವನ್ನು ಸರಿಸಬೇಕಾದಾಗ ಅದನ್ನು ಬಳಸುವ ಎಲ್ಲರನ್ನೂ ಹುಡುಕಬೇಕಲ್ಲ, ಆ ಪಟ್ಟಿ ಬಹಳ ಉದ್ದ ಆಗದಿರಲಿ ಅಂತ ಈ ಮಿತಿ. ಹಾಗೆಯೇ, ಒಂದಕ್ಕಿಂತ ಹೆಚ್ಚು ಮೆಮರಿ ನೋಡುಗಳಿರುವ ಸರ್ವರಿನಲ್ಲಿ ದೂರದ ನೋಡಿನ ಪುಟದೊಂದಿಗೆ ಸೇರಿಸಬೇಕೋ ಬೇಡವೋ ಅಂತ ಹೇಳಲಿಕ್ಕೆ ಬೇರೆ ಗುಂಡಿ ಇದೆ.

ನಾಲ್ಕು, ರನ್. ಇದು ದೊಡ್ಡ ಗುಂಡಿ. 1 ಬರೆದರೆ ಹುಡುಕಾಟ ಶುರು. 0 ಬರೆದರೆ ಹುಡುಕಾಟ ನಿಲ್ತದ, ಆದರೆ ಈಗಾಗಲೇ ಒಂದಾದದ್ದು ಒಂದಾಗಿಯೇ ಇರ್ತದ. 2 ಬರೆದರೆ ಹುಡುಕಾಟ ನಿಂತು, ಒಂದಾದ ಎಲ್ಲ ಪುಟಗಳನ್ನೂ ಮತ್ತೆ ಬೇರೆ ಮಾಡ್ತದ. 0 ಮತ್ತು 2ರ ನಡುವಿನ ವ್ಯತ್ಯಾಸ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಏನಾಯ್ತು, ಈಗ ಹೇಳ್ತೀನಿ.

4. ಪರೀಕ್ಷೆಯ ದಿನ

ನಮ್ಮ ಕಡೆಯ ಒಂದು ಕಂಪ್ಯೂಟರ್ ತರಗತಿಗೆ ನಾನು ಬಿಡುವಿದ್ದಾಗ ಹೋಗಿ ಸಹಾಯ ಮಾಡ್ತಿದ್ದೆ. ಬರುವವರು ಹೆಚ್ಚಾಗಿ ಕನ್ನಡ ಮಾಧ್ಯಮದ ಮಕ್ಕಳು. ಹಳೆಯ ಸರ್ವರ್ ಒಂದು ದಾನವಾಗಿ ಸಿಕ್ಕಿತ್ತು, 32 ಗಿಗಾಬೈಟ್ ರ‍್ಯಾಮ್. ಮಕ್ಕಳು 24. ತಲಾ 2 ಗಿಗಾಬೈಟಿನ ವರ್ಚುವಲ್ ಯಂತ್ರ ಕೊಟ್ಟರೆ 48 ಬೇಕು. 16 ಕಮ್ಮಿ.

ನಾನು ಕೆಎಸ್ಎಂ ಹಚ್ಚಿದೆ. ಕೆಲವು ದಿನ ಅಂಕಿಗಳನ್ನು ನೋಡಿದೆ. ಇದಕ್ಕೆ ಎರಡು ಕಡತ ನೋಡಬೇಕು. ಪೇಜಸ್ ಶೇರ್ಡ್ ಅಂದ್ರೆ ಉಳಿಸಿಕೊಂಡ ಪ್ರತಿಗಳು, ಪೇಜಸ್ ಶೇರಿಂಗ್ ಅಂದ್ರೆ ಆ ಪ್ರತಿಗಳಿಂದಾಗಿ ಬೇಡವಾದ ಪುಟಗಳು, ಅಂದರೆ ಉಳಿತಾಯ. ನಮ್ಮಲ್ಲಿ ಉಳಿತಾಯ ಸುಮಾರು 30 ಲಕ್ಷ ಪುಟ, ಹತ್ತಿರ ಹತ್ತಿರ 11.4 ಗಿಗಾಬೈಟು. ಯಂತ್ರಗಳು ಮುಟ್ಟಿದ್ದ ಮೆಮರಿ 38, ನಿಜವಾಗಿ ಖರ್ಚಾದದ್ದು 27ರ ಆಸುಪಾಸು. ಭಾಳ ಖುಷಿಯಾಯ್ತು. ಎಲ್ಲರಿಗೂ ಒಂದೊಂದು ಕುರ್ಚಿ ಸಿಕ್ಕಿತು.

ಆಮೇಲೆ ಅಣಕು ಪರೀಕ್ಷೆ ಇಟ್ಟೆವು. ಒಂದು ತಾಸಿನದು. ಗಂಟೆ ಬಾರಿಸಿದ ಕೂಡಲೇ 24 ಮಂದಿ ಒಂದೇ ಸಲ ಪರೀಕ್ಷೆಯ ತಂತ್ರಾಂಶ ತೆರೆದರು. ಯಂತ್ರಗಳೊಳಗೆ ನಿಗದಿಯಾಗಿದ್ದ ಅಪ್‌ಡೇಟ್ ಕೂಡ ಅದೇ ಹೊತ್ತಿಗೆ ಶುರುವಾಯ್ತು. ಅದನ್ನು ನಿಲ್ಲಿಸಿಡಬೇಕಿತ್ತು, ನಾನು ಮರೆತಿದ್ದೆ. ಎರಡು ಪೆಟ್ಟು ಒಟ್ಟಿಗೆ ಬಿತ್ತು. ಹೊಸ ಪುಟಗಳು ಭರಾಭರಾ ಹುಟ್ಟಿದವು. ಅವು ಒಂದಕ್ಕೊಂದು ಹೊಂದುವಂಥವೇ ಇರಬಹುದು, ಆದರೆ ಕೆಎಸ್ಎಂಡಿ ಅವುಗಳ ಹತ್ತಿರ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತಿತ್ತು. ಆ ಒಂದೂವರೆ ತಾಸಿನ ಲೆಕ್ಕ ನೆನಪಿದೆಯಲ್ಲ? ಇನ್ನೊಂದು ಕಡೆ, ಮೊದಲು ಒಂದಾಗಿದ್ದ ಪುಟಗಳ ಮೇಲೆ ಅಪ್‌ಡೇಟ್ ಬರೆಯತೊಡಗಿ, ಪ್ರತಿಯೊಂದು ಬರಹಕ್ಕೂ ಹೊಸ ಖಾಲಿ ಪುಟ ಬೇಕಾಯ್ತು. ಒಂದೇ ಮುಹೂರ್ತಕ್ಕೆ ಇಪ್ಪತ್ನಾಲ್ಕು ಲಗ್ನ!

ಪರದೆಗಳು ನಿಂತು ನಿಂತು ಓಡತೊಡಗಿದವು. ನಾನು ಗಾಬರಿಯಲ್ಲಿ, ಈ ಹಂಚಿಕೆಯಿಂದಲೇ ನಿಧಾನ ಆಗ್ತಿದೆ, ಕಿತ್ತು ಹಾಕೋಣ ಅಂತ ರನ್ ಕಡತಕ್ಕೆ 2 ಬರೆದೆ. ಮೆಮರಿ ಸಾಲದ ಹೊತ್ತಿನಲ್ಲಿ, ಉಳಿಸಿಕೊಂಡಿದ್ದನ್ನೆಲ್ಲ ಒಮ್ಮೆಲೇ ವಾಪಸು ಕೊಡು ಅಂತ ಕರ್ನಲ್ಲಿಗೆ ಹೇಳಿದಂತಾಯ್ತು. ಮೊದಲು ಸತ್ತದ್ದು ನಾನು ಆದೇಶ ಕೊಟ್ಟ ಶೆಲ್ಲೇ. ಆಮೇಲೆ ಕರ್ನಲ್ಲಿನ ಸೋರ್ಸ್ ತೆರೆದು ನೋಡಿದಾಗ ಕಾರಣ ತಿಳೀತು. 2 ಬರೆದ ಪ್ರಕ್ರಿಯೆಯ ಮೇಲೆ ಕರ್ನಲ್ ಒಂದು ಗುರುತು ಹಾಕಿಡ್ತದ: ಬಿಡಿಸುವಾಗ ಮೆಮರಿ ತೀರಿದರೆ ಮೊದಲ ಬಲಿ ಇವನೇ ಆಗಲಿ, ಬೇಡಿಕೆ ತಂದವನು ಇವನೇ ಅಂತ. ನ್ಯಾಯವಾದ ನಿಯಮ. ಆದರೆ ಅಷ್ಟರಲ್ಲಿ ಮೆಮರಿ ತಳ ಮುಟ್ಟಿತ್ತು. ಮಕ್ಕಳು ಬರೀತಾನೇ ಇದ್ದರು. ಓಓಎಂ ಕಿಲ್ಲರ್ ಎರಡು ವರ್ಚುವಲ್ ಯಂತ್ರಗಳನ್ನು ಕೊಂದಿತು.

ಅವುಗಳಲ್ಲಿ ಒಂದರ ಮುಂದೆ ಕೂತಿದ್ದ ಹುಡುಗಿ ಎದ್ದು ನಿಂತು, "ಸರ್, ನಾ ಏನರೆ ತಪ್ಪ ಒತ್ತಿದ್ನೇನ್ರಿ?" ಅಂತ ಕೇಳಿದಳು. ತಪ್ಪು ಒತ್ತಿದವನು ನಾನು. ಅವಳಿಗೆ ಅದನ್ನು ಅಲ್ಲೇ ಹೇಳಿದೆ. ಆದರೆ ಬರೆದ ಉತ್ತರ ಮರಳಿ ಬರಲಿಲ್ಲ.

5. ಹಂಚಿಕೊಂಡದ್ದು ಮಾತಾಡ್ತದ

ಇದು ಭಾಂಡೆಯ ಮೊದಲನೇ ಸಂಗತಿ. ಎರಡನೆಯದು ಇನ್ನೂ ಮೌನವಾದದ್ದು.

ಒಂದಾದ ಪುಟಕ್ಕೆ ಬರೆಯಲು ಪ್ರತಿ ಮಾಡುವಷ್ಟು ಹೊತ್ತು ಹೆಚ್ಚು ಹಿಡೀತದ ಅಂದೆನಲ್ಲ, ಆ ಹೊತ್ತನ್ನು ಅಳೆಯಬಹುದು. ನಾನು ನನ್ನ ಯಂತ್ರದಲ್ಲಿ ಒಂದು ಪುಟ ತಯಾರು ಮಾಡ್ತೀನಿ, ಕೆಎಸ್ಎಂಡಿ ಬಂದು ಹೋಗುವವರೆಗೆ ಕಾಯ್ತೀನಿ, ಆಮೇಲೆ ಅದಕ್ಕೆ ಬರೀತೀನಿ. ತಡವಾಯ್ತೆ? ಹಾಗಾದರೆ ಅಂಥದೇ ಪುಟ ಪಕ್ಕದ ಯಂತ್ರದಲ್ಲೂ ಇದೆ. ಗೋಡೆ ಒಡೆಯದೆ ಪಕ್ಕದ ಮನೆಯಲ್ಲಿ ಏನಿದೆ ಅಂತ ತಿಳಿದುಕೊಂಡೆ. 2011ರಲ್ಲೇ ಜಪಾನಿನ ಸಂಶೋಧಕರು ಇದನ್ನು ಕೆಎಸ್ಎಂ ಮೇಲೆ ತೋರಿಸಿಕೊಟ್ಟರು.

ಪರೀಕ್ಷೆಗೆ ಇದನ್ನು ಹೊಂದಿಸಿ ನೋಡಿ. ಪುಟದ ಉಳಿದೆಲ್ಲ ಬೈಟು ಎಲ್ಲ ಯಂತ್ರದಲ್ಲೂ ಒಂದೇ ಇದ್ದು, ಪಕ್ಕದವನ ಉತ್ತರದ ಗುರುತು ಮಾತ್ರ ಬೇರೆ ಇದ್ದರೆ, ನಾಲ್ಕು ಆಯ್ಕೆಗೆ ನಾಲ್ಕು ಪುಟ ಮಾಡಿಟ್ಟರೆ ಸಾಕು. ತಡವಾದ ಪುಟವೇ ಉತ್ತರ. ನಮ್ಮ ಮಕ್ಕಳು ಇದನ್ನು ಮಾಡ್ತಾರಂತ ಅಲ್ಲ. ಹೀಗೆ ಮಾಡಲಿಕ್ಕೆ ಬರುವ ಜಾಗದಲ್ಲಿ ನಾವು ಪರೀಕ್ಷೆ ನಡೆಸ್ತೀವಿ ಅನ್ನುವುದಾದರೂ ನಮಗೆ ಗೊತ್ತಿರಬೇಕು.

2016ರಲ್ಲಿ ಆಂಸ್ಟರ್‌ಡ್ಯಾಮಿನ ವ್ರೈ ವಿಶ್ವವಿದ್ಯಾಲಯದ ಗುಂಪು ಇನ್ನೂ ಮುಂದೆ ಹೋಯಿತು. ಫ್ಲಿಪ್ ಫೆಂಗ್ ಶುಯಿ ಅನ್ನುವ ಆ ದಾಳಿಯಲ್ಲಿ, ಮೊದಲು ಕೆಎಸ್ಎಂ ಬಳಸಿ ತಮ್ಮ ಪುಟವನ್ನೂ ಎದುರಾಳಿ ಯಂತ್ರದ ಪುಟವನ್ನೂ ಒಂದು ಮಾಡಿಸಿದರು. ಆಮೇಲೆ ರೋಹ್ಯಾಮರ್ ಅನ್ನುವ ಉಪಾಯದಿಂದ, ಅಂದರೆ ಪಕ್ಕದ ಮೆಮರಿ ಸಾಲುಗಳನ್ನು ಮತ್ತೆ ಮತ್ತೆ ತಟ್ಟಿ, ಆ ಪುಟದ ಒಂದು ಬಿಟ್ ತಿರುಗಿಸಿದರು. ಯಾರೂ 'ಬರೆದಿಲ್ಲ', ಹಾಗಾಗಿ ಪ್ರತಿ ಆಗಲಿಲ್ಲ. ಬೀಗ ಹಾಗೇ ಇತ್ತು, ಒಳಗಿನ ಕೀಲಿಯೇ ಬದಲಾಯ್ತು. ಎದುರಾಳಿಯ ಲಾಗಿನ್ ಸಾರ್ವಜನಿಕ ಕೀಲಿಯನ್ನು ಹೀಗೆ ದುರ್ಬಲ ಮಾಡಿ ಒಳಹೊಕ್ಕು ತೋರಿಸಿದರು.

ಉದ್ಯಮ ಇದನ್ನು ಹಗುರವಾಗಿ ತಗೊಳ್ಳಲಿಲ್ಲ. ವಿಎಂವೇರ್ ತನ್ನ ಇಎಸ್ಎಕ್ಸ್ ಸರ್ವರಿನ ಪುಟ ಹಂಚಿಕೆಯನ್ನು ವಿವರಿಸಿದ ಕಾರ್ಲ್ ವಾಲ್ಡ್‌ಸ್ಪರ್ಗರ್ ಅವರ ಪ್ರಬಂಧ 2002ರದು. ಅದೇ ವಿಎಂವೇರ್ 2014ರಲ್ಲಿ, ಬೇರೆ ಬೇರೆ ಯಂತ್ರಗಳ ನಡುವಿನ ಹಂಚಿಕೆಯನ್ನು ತಾನಾಗಿ ನಡೆಯದಂತೆ ಮಾಡ್ತೀವಿ ಅಂತ ಪ್ರಕಟಿಸಿತು. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿದ್ದ ಇಂಥದೇ ಸೌಲಭ್ಯವನ್ನು 2016ರಲ್ಲಿ ನಿಲ್ಲಿಸಿತು.

ನೋಡ್ರಿ, ಎರಡು ಪುಟ ಒಂದೇ ಇವೆಯೋ ಅನ್ನುವುದನ್ನು ಕರ್ನಲ್ ನಮಗಿಂತ ಚೆನ್ನಾಗಿ ನೋಡ್ತದ. ಆ ಪುಟಗಳ ಒಡೆಯರು ಒಬ್ಬರನ್ನೊಬ್ಬರು ನಂಬಬಹುದೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಈ ಉಳಿತಾಯ ನಾಳೆಯೂ ಇರ್ತದೋ ಅಂತಲೂ ಗೊತ್ತಾಗೋದಿಲ್ಲ. ಗುಂಡಿಗಳು ಇರುವುದೇ ಈ ಎರಡು ಪ್ರಶ್ನೆಗೆ ಮನುಷ್ಯ ಉತ್ತರ ಕೊಡಲಿ ಅಂತ.

6. ನಾವು ಬದಲಿಸಿದ್ದು

ಆ ಘಟನೆಯ ಮೇಲೆ ತರಗತಿಯನ್ನು 12 ಮಕ್ಕಳ ಎರಡು ತಂಡ ಮಾಡಿದೆವು. 12 ಯಂತ್ರಕ್ಕೆ 24 ಗಿಗಾಬೈಟು. ಒಂದು ಪುಟವೂ ಒಂದಾಗದಿದ್ದರೂ 32ರಲ್ಲಿ ಕೂಡ್ತದ. ಕೆಎಸ್ಎಂ ಉಳಿಸಿದ್ದು ಈಗ ಆಪತ್ತಿಗೆ ಇಟ್ಟ ಗಂಟು, ಅದನ್ನು ನಂಬಿ ಹೊಸ ಕುರ್ಚಿ ಹಾಕುವುದಿಲ್ಲ.

ಪರೀಕ್ಷೆಯ ಯಂತ್ರಗಳನ್ನು ಎಬ್ಬಿಸುವಾಗಲೇ ಕ್ಯೂಇಎಂಯುನಲ್ಲಿ ಮೆಮ್-ಮರ್ಜ್ ಆಯ್ಕೆಯನ್ನು ಆಫ್ ಮಾಡ್ತೀವಿ. ಆಗ ಆ ಯಂತ್ರಗಳ ಪರವಾಗಿ ಒಪ್ಪಿಗೆಯೇ ಹೋಗುವುದಿಲ್ಲ. ರನ್ ಕಡತಕ್ಕೆ 2 ಬರೆಯುವ ಮೊದಲು, ಉಳಿತಾಯದಷ್ಟು ಮೆಮರಿ ಖಾಲಿ ಇದೆಯೋ ಅಂತ ನೋಡುವ ನಿಯಮ ಹಾಕಿದ್ದೀವಿ. ಗಾಬರಿಯಾದರೆ 0 ಮಾತ್ರ. ಮತ್ತು ಒಂದು ಹಾಳೆಯ ಮೇಲೆ ಕನ್ನಡದಲ್ಲಿ, ಮರಾಠಿಯಲ್ಲಿ ಬರೆದು ಸರ್ವರಿನ ಪಕ್ಕ ಅಂಟಿಸಿದ್ದೀವಿ: ಪರೀಕ್ಷೆಗೆ ಮುಂಚೆ ಅಪ್‌ಡೇಟ್ ನಿಲ್ಲಿಸಿ.

7. ಪ್ರಶ್ನೋತ್ತರ

ಕಲಬುರಗಿಯ ಶಿಕ್ಷಕಿಯೊಬ್ಬರು: ಸರ್, ನನ್ನ 4 ಗಿಗಾಬೈಟಿನ ಲ್ಯಾಪ್‌ಟಾಪಿನಲ್ಲಿ ಇದನ್ನು ಹಚ್ಚಿದರೆ ಏನಾದರೂ ಉಪಯೋಗ ಆಗ್ತದೇನ್ರಿ?

ಬರೇ ಹಚ್ಚಿದರೆ ಏನೂ ಆಗೋದಿಲ್ಲ ಮೇಡಂ. ಯಾವ ತಂತ್ರಾಂಶವೂ ಒಪ್ಪಿಗೆ ಕೊಟ್ಟಿರದಿದ್ದರೆ ಕೆಎಸ್ಎಂಡಿಗೆ ನೋಡಲಿಕ್ಕೆ ಪುಟವೇ ಇರೋದಿಲ್ಲ. ಒಬ್ಬರೇ ಬಳಸುವ ಸಣ್ಣ ಯಂತ್ರಕ್ಕೆ ಝಡ್‌ರ‍್ಯಾಮ್, ಅಂದರೆ ಮೆಮರಿಯನ್ನು ಒತ್ತಿ ಇಡುವ ವಿಧಾನ, ಹೆಚ್ಚು ಕೆಲಸಕ್ಕೆ ಬರ್ತದ. 2013ರ ಆಂಡ್ರಾಯ್ಡ್ 4.4ರಲ್ಲಿ, 512 ಮೆಗಾಬೈಟಿನ ಫೋನುಗಳಿಗಾಗಿ ಕೆಎಸ್ಎಂ ಮತ್ತು ಝಡ್‌ರ‍್ಯಾಮ್ ಎರಡಕ್ಕೂ ಅವಕಾಶ ಮಾಡಿದ್ದರು.

ಪುಣೆಯಿಂದ ಸೇರಿದ ವಿದ್ಯಾರ್ಥಿ: ಹುಡುಕಾಟದ ಖರ್ಚೇ ಉಳಿತಾಯಕ್ಕಿಂತ ಹೆಚ್ಚಾಗಬಹುದಾ?

ಆಗಬಹುದು. ನೋಡುವ ಪ್ರತಿ ಪುಟಕ್ಕೂ ಕರ್ನಲ್ ಒಂದು ಸಣ್ಣ ದಾಖಲೆ ಇಟ್ಟುಕೊಳ್ತದ, 64 ಬಿಟ್ ಯಂತ್ರದಲ್ಲಿ 64 ಬೈಟಿನದು. 64 ದಾಖಲೆ ಸೇರಿದರೆ ಒಂದು ಪುಟ. ಹಾಗಾದರೆ 64 ಪುಟ ನೋಡಿ ಒಂದಾದರೂ ಉಳಿಯದಿದ್ದರೆ ನಷ್ಟ, ಪ್ರೊಸೆಸರಿನ ಖರ್ಚು ಬೇರೆ. ಜನರಲ್ ಪ್ರಾಫಿಟ್ ಅನ್ನುವ ಕಡತ ಈ ಲೆಕ್ಕವನ್ನು ನೇರ ತೋರಿಸ್ತದ. ಅದು ಋಣದಲ್ಲಿದ್ದರೆ ಬಂದ್ ಮಾಡ್ರಿ.

ಸೊಲ್ಲಾಪುರದಿಂದ ಒಬ್ಬ ಹಿರಿಯರು: ಹಂಗಾದ್ರ ಹಂಚಿಕೊಳ್ಳೋದೇ ತಪ್ಪೇನಪಾ?

ತಪ್ಪಲ್ಲರೀ ಕಾಕಾ. ಆ ಹಳೆಯ ಸರ್ವರ್ ಮೇಲೆ ದಿನದ ಪಾಠಕ್ಕೆ ಕೆಎಸ್ಎಂ ಇವತ್ತಿಗೂ ನಡೀತದ, ರನ್ ಕಡತದಾಗ 1 ಅದ. ಭಾಂಡೆ ಎಷ್ಟವ, ಅವತ್ತು ಎಷ್ಟು ಲಗ್ನ ಅವ ಅಂತ ಬರೆದಿಡುವ ವಹಿ ಒಂದು ಬೇಕು, ಅಷ್ಟೇ. ನನ್ನ ಹತ್ರ ಆ ವಹಿ ಇರಲಿಲ್ಲ.